ಬೋರ್ಡಿನ ಅಂಗಡಿಯೂ ಶಿವಕಾಶಿಯ ಲೇಬಲ್ಲೂ



ನಮ್ಮ ನಾಡಿನ ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಸುತ್ತ ಒಂದು ಸುತ್ತು ಹಾಕಿದರೂ ಬೋರ್ಡು ಬರೆಯುವ ಅಂಗಡಿಯೊಂದು ಕಣ್ಣಿಗೆ ಬೀಳುತ್ತದೆ. ಹೆಸರಿನ ಕೊನೆಗೆ 'ಆರ್ಟ್ಸ್' ಎಂದಿರುತ್ತದೆ. ಅದರ ಕೆಳಗೆ ಅಲ್ಲಿ ಮಾಡಿಕೊಡುವ ಕೆಲಸಗಳ ಪಟ್ಟಿ: ಬೋರ್ಡು, ಬ್ಯಾನರು, ನಂಬರ್ ಪ್ಲೇಟು, ರಬ್ಬರ್ ಸ್ಟಾಂಪು, ರೇಡಿಯಂ ಕಟಿಂಗ್, ಸ್ಟಿಕ್ಕರು, ಲೇಬಲ್ಲು. ಈ ಪಟ್ಟಿಯ ಮೊದಲ ಕೆಲವು ಕೆಲಸಗಳು ಆ ಅಂಗಡಿಯ ಒಳಗೇ ನಡೆಯುತ್ತವೆ. ಕೊನೆಯದು ಮಾತ್ರ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಉಪ್ಪಿನಕಾಯಿಯ ಜಾಡಿಗೆ, ಊದುಬತ್ತಿಯ ಪೊಟ್ಟಣಕ್ಕೆ, ಫಿನಾಯಿಲ್ ಸೀಸೆಗೆ ಅಂಟಿಸುವ ಬಣ್ಣಬಣ್ಣದ ಚೀಟಿ ಶಿವಕಾಶಿಯಲ್ಲೋ ಬೆಂಗಳೂರಿನಲ್ಲೋ ಇರುವ ಸಗಟು ಮುದ್ರಕರ ಬಳಿ ಅಚ್ಚಾಗಿ, ಕಟ್ಟುಕಟ್ಟಾಗಿ ಬಂದು, ಈ ಅಂಗಡಿಯ ಬಿಲ್ಲಿನ ಮೇಲೆ ಗಿರಾಕಿಯ ಕೈ ಸೇರುತ್ತದೆ. ಈ ಏರ್ಪಾಡು ಹೇಗೆ ಬಂತು, ಏಕೆ ಬಂತು, ಅದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಳಿ ಓದಿದವರಲ್ಲಿ ಮೂರು ನಾಲ್ಕು ಮಂದಿ ಈ ಕಸುಬನ್ನು ಹಿಡಿದಿದ್ದಾರೆ. ಅವರಲ್ಲೊಬ್ಬ ಒಮ್ಮೆ ಮನೆಗೆ ಬಂದಿದ್ದಾಗ ಕೇಳಿದ: "ಸಾರ್, ಊರಿಗೆಲ್ಲ ಲೇಬಲ್ ಮಾಡಿಸಿಕೊಡೋನು ನಾನು. ಎಲ್ಲರೂ ನನ್ನನ್ನ ಪ್ರಿಂಟರ್ ಅಂತ್ಲೇ ಕರೀತಾರೆ. ಆದ್ರೆ ಇವತ್ತಿನವರೆಗೆ ಒಂದು ಲೇಬಲ್ಲನ್ನೂ ನಾನು ಪ್ರಿಂಟ್ ಮಾಡಿಲ್ಲ. ಹಾಗಾದ್ರೆ ನಾನು ಕಸುಬುದಾರನೋ, ದಲ್ಲಾಳಿಯೋ?" ಪ್ರಶ್ನೆಯನ್ನು ನಗುನಗುತ್ತಲೇ ಕೇಳಿದನಾದರೂ ಅದು ನಗೆಯ ಪ್ರಶ್ನೆಯಾಗಿರಲಿಲ್ಲ. ಅದಕ್ಕೆ ಉತ್ತರ ಹುಡುಕಬೇಕಾದರೆ ನೂರೈವತ್ತು ವರ್ಷಗಳಿಗೂ ಹಿಂದಕ್ಕೆ ಹೋಗಬೇಕು.

ಚೀಟಿಗಿಂತ ಮೊದಲು ಗುರುತು

ಓದು ಬರಹ ಬಾರದ ಗಿರಾಕಿಗೆ ಸರಕನ್ನು ಗುರುತಿಸಲು ಇದ್ದ ದಾರಿ ಚಿತ್ರವೊಂದೇ. 'ಛಾಪು' ಎಂಬ ಮಾತು ನಮ್ಮ ಸಂತೆಗಳಲ್ಲಿ ಇಂದಿಗೂ ಉಳಿದಿರುವುದು ಇದೇ ಕಾರಣಕ್ಕೆ. ಅಜ್ಜಿಯೊಬ್ಬಳು ಅಂಗಡಿಗೆ ಹೋಗಿ ಕಂಪನಿಯ ಹೆಸರನ್ನು ಹೇಳುತ್ತಿರಲಿಲ್ಲ. ಕುದುರೆ ಛಾಪಿನದು ಕೊಡು, ಗಡಿಯಾರದ ಛಾಪಿನದು ಕೊಡು ಎನ್ನುತ್ತಿದ್ದಳು. ಚಿತ್ರ ಬದಲಾದರೆ ಸರಕೇ ಬದಲಾಯಿತೆಂದು ಆಕೆ ಹಿಂದಕ್ಕೆ ಕೊಟ್ಟುಬಿಡುತ್ತಿದ್ದಳು.

ಇದನ್ನು ಬಹಳ ಚೆನ್ನಾಗಿ ಅರಿತಿದ್ದವರು ಮ್ಯಾಂಚೆಸ್ಟರಿನ ಬಟ್ಟೆಯ ವ್ಯಾಪಾರಿಗಳು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಡಿಯಾಕ್ಕೆ ಹಡಗಿನಲ್ಲಿ ಬರುತ್ತಿದ್ದ ಮಿಲ್ಲಿನ ಬಟ್ಟೆಯ ಥಾನುಗಳ ಮೇಲೆ ಬಣ್ಣದ ಚೀಟಿಗಳನ್ನು ಅಂಟಿಸಿರುತ್ತಿದ್ದರು. ಅವುಗಳ ಮೇಲೆ ಆನೆ, ಹುಲಿ, ನಮ್ಮ ದೇವದೇವತೆಯರು, ರಾಜರು. ಇಂಗ್ಲೆಂಡನ್ನು ಬಿಟ್ಟು ಕದಲದ ಕುಶಲಕರ್ಮಿ ಕೃಷ್ಣನನ್ನೂ ಲಕ್ಷ್ಮಿಯನ್ನೂ ಬರೆಯುತ್ತಿದ್ದ! ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬಟ್ಟೆಯನ್ನು ನೇಯ್ದ ಮಿಲ್ಲಿನವರು ಆ ಚೀಟಿಗಳನ್ನು ಅಚ್ಚು ಮಾಡುತ್ತಿರಲಿಲ್ಲ. ರಫ್ತು ಮಾಡುತ್ತಿದ್ದ ವ್ಯಾಪಾರಿಯೂ ಮಾಡುತ್ತಿರಲಿಲ್ಲ. ಚೀಟಿಗಳಿಗೆಂದೇ ಬೇರೆ ಮುದ್ರಣಾಲಯಗಳಿದ್ದವು. ವ್ಯಾಪಾರಿ ಅಲ್ಲಿಗೆ ಹೋಗಿ ಚಿತ್ರವನ್ನು ಆರಿಸಿ, ತನ್ನ ಹೆಸರು ಹಾಕಿಸಿ, ಸಾವಿರಗಟ್ಟಲೆ ತರಿಸಿಕೊಳ್ಳುತ್ತಿದ್ದ. ಲೇಬಲ್ಲನ್ನು ಅಂಟಿಸುವವನು ಒಬ್ಬ, ಮಾಡಿಸುವವನು ಇನ್ನೊಬ್ಬ, ಅಚ್ಚು ಹಾಕುವವನು ಮತ್ತೊಬ್ಬ ಎಂಬ ಪದ್ಧತಿ ಅಂದೇ ಇತ್ತು.

ಗುರುತಿಗೆ ಬೆಲೆ ಬಂದಾಗ ಕಳ್ಳಗುರುತೂ ಹುಟ್ಟುತ್ತದೆ. 1889ರಲ್ಲಿ ಇಂಡಿಯನ್ ಮರ್ಚಂಡೈಸ್ ಮಾರ್ಕ್ಸ್ ಕಾಯಿದೆ ಬಂತು. ಸುಳ್ಳು ಗುರುತು ಹಾಕುವುದು ಅಪರಾಧವಾಯಿತು. ಥಾನಿನ ಮೇಲೆ ಅದರ ಉದ್ದವನ್ನು ಮುದ್ರಿಸಬೇಕೆಂಬ ಕಟ್ಟಳೆಯೂ ಆಯಿತು. ವ್ಯಾಪಾರದ ಗುರುತನ್ನು ನೋಂದಾಯಿಸುವ ಶಾಸನ ನಮ್ಮಲ್ಲಿ ಬಂದದ್ದು ಮಾತ್ರ 1940ರಲ್ಲಿ. ಅಲ್ಲಿಗೆ ಚೀಟಿಯೆಂಬುದು ಬರಿಯ ಅಲಂಕಾರವಾಗಿ ಉಳಿಯಲಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಲ್ಲಬಲ್ಲ ಕಾಗದವಾಯಿತು.

ಕಲ್ಲಿನ ಮೇಲೆ ಬಣ್ಣ

ಬಣ್ಣದ ಚೀಟಿಯನ್ನು ಸಾಧ್ಯವಾಗಿಸಿದ್ದು ಕಲ್ಲಚ್ಚು. ಬವೇರಿಯಾದ ಆಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರ ತನ್ನ ಕೃತಿಗಳನ್ನು ಅಗ್ಗವಾಗಿ ಅಚ್ಚು ಹಾಕುವ ದಾರಿ ಹುಡುಕುತ್ತ, 1796ರಿಂದೀಚೆಗೆ ಎರಡು ಮೂರು ವರ್ಷಗಳಲ್ಲಿ ಈ ವಿದ್ಯೆಯನ್ನು ಕಂಡುಹಿಡಿದ. ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲ ಎಂಬುದೇ ಇದರ ತತ್ತ್ವ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮೇಲೆ ಎಣ್ಣೆಯ ಶಾಯಿಯನ್ನು ಉರುಳಿಸಿದರೆ ಶಾಯಿ ಬರೆದ ಕಡೆ ಮಾತ್ರ ಹಿಡಿಯುತ್ತದೆ. ಮೇಲೆ ಕಾಗದವನ್ನು ಒತ್ತಿದರೆ ಪ್ರತಿ ಸಿದ್ಧ. ಈ ಪಾಠವನ್ನು ಎಂಟನೆಯ ತರಗತಿಯಲ್ಲಿ ಬಾಣಲೆಯ ನೀರು ಮತ್ತು ಒಳ್ಳೆಣ್ಣೆಯನ್ನು ತೋರಿಸಿ ನಾನು ಮಾಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಕನ್ನಡಕ್ಕೂ ಕಲ್ಲಚ್ಚಿಗೂ ಹಳೆಯ ನಂಟು. ಮಂಗಳೂರಿನ ಬಾಸೆಲ್ ಮಿಷನ್ನಿನವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಹೆರ್ಮನ್ ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಿದ್ದದ್ದು ಆ ಕಲ್ಲಿನಿಂದಲೇ. ಮರುವರ್ಷವೇ ಆ ಪತ್ರಿಕೆ ಮೊಳೆಯ ಅಚ್ಚನ್ನು ಅರಸಿ ಬಳ್ಳಾರಿಗೆ ಹೋಯಿತು, ಹೆಸರನ್ನೂ ಬದಲಿಸಿಕೊಂಡಿತು. ನಮ್ಮ ಭಾಷೆಯ ಮೊದಲ ಪತ್ರಿಕೆಯೇ ತನ್ನೂರಿನಲ್ಲಿ ಸಿಗದ ಅಚ್ಚಿಗಾಗಿ ದೂರದ ಊರನ್ನು ಆಶ್ರಯಿಸಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಹೊಸದೆನಿಸುವುದಿಲ್ಲ.

ಒಂದೇ ಬಣ್ಣಕ್ಕೆ ಒಂದು ಕಲ್ಲು ಸಾಕು. ಆದರೆ ಲಕ್ಷ್ಮಿಯ ಸೀರೆ ಕೆಂಪಾಗಬೇಕು, ತಾವರೆ ಗುಲಾಬಿಯಾಗಬೇಕು, ಹಿಂದಿನ ಆಕಾಶ ನೀಲಿಯಾಗಬೇಕು ಎಂದರೆ ಪ್ರತಿ ಬಣ್ಣಕ್ಕೂ ಬೇರೆ ಕಲ್ಲು, ಬೇರೆ ಒತ್ತು. ಕಾಗದ ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತದೆ. ಇಂಥ ಕೆಲಸಕ್ಕೆ ದೊಡ್ಡ ಯಂತ್ರ, ಪಳಗಿದ ಕೈ, ಸಾಕಷ್ಟು ಬಂಡವಾಳ ಬೇಕು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ತಮ್ಮ ಮುದ್ರಣಾಲಯವನ್ನು ಸ್ಥಾಪಿಸಿದಾಗ ಯಂತ್ರಗಳೂ ತಜ್ಞರೂ ಜರ್ಮನಿಯಿಂದ ಬರಬೇಕಾಯಿತು. ಮುಂದೆ ಅದು ಲೋನಾವಳದ ಬಳಿಯ ಮಳವಲಿಗೆ ಹೋಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಿಟ್ಜ್ ಷ್ಲೈಖರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. ದೇವರ ಪಟಗಳನ್ನು ಅಚ್ಚು ಹಾಕಿದ ಆ ಯಂತ್ರಗಳೇ ವ್ಯಾಪಾರದ ಲೇಬಲ್ಲುಗಳನ್ನೂ ಅಚ್ಚು ಹಾಕಿದವು. ನಮ್ಮ ಮನೆಗಳ ದೇವರ ಕೋಣೆಗೂ ಅಂಗಡಿಯ ಕಪಾಟಿಗೂ ಒಂದೇ ಕಡೆಯಿಂದ ಚಿತ್ರ ಬಂತು.

ಶಿವಕಾಶಿ ಹುಟ್ಟಿದ ಬಗೆ

ಇನ್ನು ಶಿವಕಾಶಿ. ತಮಿಳುನಾಡಿನ ದಕ್ಷಿಣದಲ್ಲಿ, ಮಳೆ ಕಡಿಮೆ ಬೀಳುವ ಬೆಂಗಾಡಿನ ಊರು. ಬೇಸಾಯವನ್ನೇ ನಂಬಿ ಬದುಕುವುದು ಅಲ್ಲಿ ಕಷ್ಟ. 1922ರಲ್ಲಿ ಆ ಊರಿನ ಪಿ. ಅಯ್ಯ ನಾಡಾರ್ ಮತ್ತು ಎ. ಷಣ್ಮುಗ ನಾಡಾರ್ ಎಂಬ ಇಬ್ಬರು ದಾಯಾದಿ ಸಹೋದರರು ಬೆಂಕಿಕಡ್ಡಿ ಮಾಡುವ ವಿದ್ಯೆಯನ್ನು ಕಲಿಯಲೆಂದು ಕಲಕತ್ತೆಗೆ ಹೋದರು; ಹಿಂದಿರುಗಿ 1923ರಲ್ಲಿ ಕೆಲಸ ಆರಂಭಿಸಿದರು. ಸ್ವೀಡನ್ನಿನ ಬಂಡವಾಳದ ವಿಮ್ಕೋ ಕಂಪನಿಯೂ ಇಂಡಿಯಾದಲ್ಲಿ ಕಾಲೂರಿದ್ದು ಅದೇ ಸಮಯದಲ್ಲಿ. ಅವರ ಬಳಿ ಯಂತ್ರವಿತ್ತು, ಇವರ ಬಳಿ ಕೈಗಳಿದ್ದವು.

ಬೆಂಕಿಪೊಟ್ಟಣ ಎಷ್ಟೇ ಚಿಕ್ಕದಾದರೂ ಅದಕ್ಕೊಂದು ಚೀಟಿ ಬೇಕು. ಮೊದಮೊದಲು ಹೊರ ಊರುಗಳಿಂದ ತರಿಸಿಕೊಳ್ಳುತ್ತಿದ್ದ ಈ ಚೀಟಿಗಳನ್ನು ಮುಂದೆ ಶಿವಕಾಶಿಯವರು ತಾವೇ ಅಚ್ಚು ಹಾಕತೊಡಗಿದರು. 1940ರ ದಶಕದಲ್ಲಿ ಪಟಾಕಿಯ ಉದ್ಯಮ ಬೆಳೆದ ಮೇಲೆ ಪಟಾಕಿಯ ಡಬ್ಬಿಗೂ ಬಣ್ಣದ ಕಾಗದ ಬೇಕಾಯಿತು. ಒಣಹವೆ ಮೂರು ಕಸುಬಿಗೂ ಒದಗಿತು: ಕಡ್ಡಿಯ ಮದ್ದು ಬೇಗ ಒಣಗುತ್ತದೆ, ಪಟಾಕಿ ಥಂಡಿ ಹಿಡಿಯುವುದಿಲ್ಲ, ಕಾಗದ ತೇವವನ್ನು ಹೀರಿ ಹಿಗ್ಗುವುದಿಲ್ಲ. ಕಾಗದ ಹಿಗ್ಗದಿದ್ದರೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತದೆ.

ಆದರೆ ಪಟಾಕಿಯ ಕೆಲಸ ದೀಪಾವಳಿಯ ಮುಂಚಿನ ತಿಂಗಳುಗಳದು. ದುಬಾರಿ ಯಂತ್ರ ಉಳಿದ ದಿನ ಸುಮ್ಮನೆ ನಿಂತರೆ ಸಾಲದ ಬಡ್ಡಿ ನಿಲ್ಲುವುದಿಲ್ಲ. ಆದ್ದರಿಂದ ಅವರು ಹೊರಗಿನ ಕೆಲಸವನ್ನು ಹುಡುಕಿಕೊಂಡು ಹೊರಟರು: ಕ್ಯಾಲೆಂಡರು, ಡೈರಿ, ನೋಟುಪುಸ್ತಕದ ರಟ್ಟು, ಮದುವೆಯ ಕಾಗದ, ಊದುಬತ್ತಿಯ ಪೊಟ್ಟಣ, ಬೀಡಿಯ ಚೀಟಿ. ಶಿವಕಾಶಿಯನ್ನು ನೆಹರೂ 'ಪುಟ್ಟ ಜಪಾನ್' ಎಂದು ಕರೆದರೆಂಬ ಮಾತು ಪ್ರಚಾರದಲ್ಲಿದೆ. ಕಲ್ಲು ಹೋಗಿ ಆಫ್‌ಸೆಟ್ ಯಂತ್ರ ಬಂತು. 1904ರ ಸುಮಾರಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಐರಾ ರೂಬೆಲ್ ಎಂಬಾತ, ಅಚ್ಚು ಮೊದಲು ರಬ್ಬರಿನ ಮೇಲೆ ಬಿದ್ದು ಅಲ್ಲಿಂದ ಕಾಗದಕ್ಕೆ ಇಳಿದರೆ ಇನ್ನೂ ಸ್ಪಷ್ಟವಾಗಿ ಮೂಡುತ್ತದೆಂಬುದನ್ನು ಆಕಸ್ಮಿಕವಾಗಿ ಕಂಡುಕೊಂಡಿದ್ದ. ಆ ಆಕಸ್ಮಿಕದ ಫಲವನ್ನು ಶಿವಕಾಶಿ ಉಂಡಿತು, ಶಿವಕಾಶಿಯ ಮೂಲಕ ನಮ್ಮ ಸಣ್ಣಪುಟ್ಟ ಊರುಗಳೂ ಉಂಡವು.

ನಮ್ಮ ಊರುಗಳಿಗೆ ಬಂದದ್ದು

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ತಾಲ್ಲೂಕು ಊರಿನ ಅಚ್ಚುಕೂಟವೆಂದರೆ ಒಂದು ಟ್ರೆಡಲ್ ಯಂತ್ರ, ಗೋಡೆಗೊರಗಿಸಿದ ಮೊಳೆಯ ಖಾನೆಗಳು, ಶಾಯಿ ಮೆತ್ತಿದ ಒಂದು ಮೇಜು. ಕರಪತ್ರ, ಬಿಲ್ ಪುಸ್ತಕ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆಗಳು ಅಲ್ಲಿ ಒಂದೇ ಬಣ್ಣದಲ್ಲಿ ಚೆನ್ನಾಗಿಯೇ ಆಗುತ್ತಿದ್ದವು. ನಾಲ್ಕು ಬಣ್ಣದ ಕೆಲಸ ಅಲ್ಲಿ ಆಗುತ್ತಿರಲಿಲ್ಲ. ಬೋರ್ಡು ಬರೆಯುವವರ ಬಳಿಯಾದರೋ ಕುಂಚ, ಎನಾಮೆಲ್ ಬಣ್ಣ ಮತ್ತು ಕೈಚಳಕವಿದ್ದವು; ಯಂತ್ರವಿರಲಿಲ್ಲ. ಒಂದು ಬೋರ್ಡನ್ನು ಅವರು ಬರೆಯಬಲ್ಲರು, ಐದು ಸಾವಿರ ಚೀಟಿಯನ್ನು ಬರೆಯಲಾರರು.

ಆದರೂ ಹೊಸದಾಗಿ ಊದುಬತ್ತಿಯನ್ನೋ ಸಂಡಿಗೆ ಹಪ್ಪಳವನ್ನೋ ಮಾರಲು ಹೊರಟವರು ಮೊದಲು ಬರುತ್ತಿದ್ದದ್ದು ಬೋರ್ಡು ಬರೆಯುವವರ ಬಳಿಗೇ. ಅಂಗಡಿಗೆ ಬೋರ್ಡು ಬೇಕು, ಜೊತೆಗೆ ಪೊಟ್ಟಣಕ್ಕೂ ಅದೇ ಅಕ್ಷರ, ಅದೇ ಚಿತ್ರ ಬೇಕು. ಆತ ಡ್ರಾಯಿಂಗ್ ಹಾಳೆಯ ಮೇಲೆ ವಿನ್ಯಾಸ ಬರೆದುಕೊಡುತ್ತಿದ್ದ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಶಿವಕಾಶಿಯ ಏಜೆಂಟರು ಮಾದರಿಗಳ ದಪ್ಪ ಆಲ್ಬಮ್ಮುಗಳನ್ನು ಹೊತ್ತು ಬರುತ್ತಿದ್ದರು. ಮುಂಗಡ ಕೊಟ್ಟು ವಿನ್ಯಾಸವನ್ನು ಅವರ ಕೈಯಲ್ಲಿಟ್ಟರೆ, ಕೆಲವು ವಾರಗಳಲ್ಲಿ ಅಂಚೆಯಲ್ಲಿ ಪ್ರೂಫು, ಆಮೇಲೆ ಲಾರಿ ಪಾರ್ಸೆಲ್ ಆಫೀಸಿಗೆ ಕಟ್ಟು. ಕ್ಯಾಲೆಂಡರಿನದೂ ಹೀಗೆಯೇ: ದೇವರ ಚಿತ್ರ ಅಲ್ಲಿಂದ ಅಚ್ಚಾಗಿ ಬರುತ್ತಿತ್ತು, ಕೆಳಗಿನ ಖಾಲಿ ಜಾಗದಲ್ಲಿ ಅಂಗಡಿಯ ಹೆಸರನ್ನು ಊರಿನ ಟ್ರೆಡಲ್ ಒತ್ತುತ್ತಿತ್ತು.

ಕನ್ನಡದ ಮೇಷ್ಟ್ರು ಈ ವ್ಯವಹಾರದೊಳಕ್ಕೆ ಬಂದದ್ದು ಪ್ರೂಫಿನ ಬಾಗಿಲಿನಿಂದ. ಅಲ್ಲಿ ಅಕ್ಷರ ಜೋಡಿಸುವವರಿಗೆ ಕನ್ನಡ ಬಾರದು. ಅವರ ಪಾಲಿಗೆ ನಮ್ಮ ಅಕ್ಷರ ಒಂದು ಚಿತ್ರ. 'ಮ' ಮತ್ತು 'ಯ' ಅವರಿಗೆ ಅವಳಿಜವಳಿ, 'ಪ' ಮತ್ತು 'ವ' ಅಣ್ಣತಮ್ಮಂದಿರು. ದೀರ್ಘ ಎಲ್ಲಿ ಬೇಕು, ಒತ್ತು ಎಲ್ಲಿ ಬೇಕು ಎಂಬುದು ಅವರಿಗೆ ತಿಳಿಯುವುದಾದರೂ ಹೇಗೆ? ಒಮ್ಮೆ ನಮ್ಮ ಊರಿನ ವಿಧವೆಯೊಬ್ಬರು ಉಪ್ಪಿನಕಾಯಿ ಮಾರಿ ಮಕ್ಕಳನ್ನು ಓದಿಸಬೇಕೆಂದು ಹೊರಟು, ಕೈಬಳೆ ಒತ್ತೆಯಿಟ್ಟು ಐದು ಸಾವಿರ ಲೇಬಲ್ ಮಾಡಿಸಿದರು. ಆತುರದಲ್ಲಿ ಪ್ರೂಫು ತರಿಸಿರಲಿಲ್ಲ. ಕಟ್ಟು ಬಿಚ್ಚಿದಾಗ 'ಮಾವಿನಮಿಡಿ' ಎಂಬುದು 'ಯಾವಿನಮಿಡಿ' ಎಂದಾಗಿತ್ತು. ಮುದ್ರಕರು, ನೀವು ಕಳಿಸಿದ ಬರಹದಲ್ಲಿ ಇದ್ದಂತೆಯೇ ಅಚ್ಚು ಹಾಕಿದ್ದೇವೆ ಎಂದರು. ಏಜೆಂಟು ಇನ್ನೊಂದು ಊರಿಗೆ ಹೋಗಿದ್ದ. ಕೊನೆಗೆ ಬೋರ್ಡು ಬರೆಯುವ ಆ ಬಡಪಾಯಿಯೇ ತನ್ನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಐದು ಸಾವಿರ ಚೀಟಿಯ ಮೇಲೂ ಸಣ್ಣ ಕುಂಚದಿಂದ 'ಯ'ವನ್ನು 'ಮ' ಮಾಡಿದ. ಆ ತಾಯಿಯಿಂದ ಒಂದು ಪೈಸೆಯನ್ನೂ ಹೆಚ್ಚಿಗೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಪ್ರೂಫು ಬಾರದೆ ಯಾವ ಕೆಲಸವನ್ನೂ ಅವನು ಒಪ್ಪಿಕೊಳ್ಳುತ್ತಿರಲಿಲ್ಲ. ಪ್ರೂಫು ಬಂದರೆ ನೇರವಾಗಿ ನಮ್ಮ ಶಾಲೆಯ ಜಗಲಿಗೆ ತರುತ್ತಿದ್ದ.

ಲೆಕ್ಕದ ಪಾಠ

ಯಂತ್ರಗಳು ಈಗ ಊರೂರಿಗೂ ಬಂದಿವೆಯಲ್ಲ, ಹಾಗಿದ್ದೂ ಲೇಬಲ್ಲಿಗೆ ಸಗಟು ಮುದ್ರಕರೇ ಏಕೆ ಬೇಕು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಲೆಕ್ಕದಲ್ಲಿದೆ. ಒಂದು ಲೇಬಲ್ಲಿಗೆ ಪ್ಲೇಟು ಮಾಡಿಸಿ, ಯಂತ್ರಕ್ಕೆ ಕೂರಿಸಿ, ಬಣ್ಣ ಹೊಂದಿಸಿ, ಮೊದಲ ಕೆಟ್ಟ ಹಾಳೆಗಳನ್ನು ಎಸೆಯುವಷ್ಟರಲ್ಲಿ 2000 ರೂಪಾಯಿ ತಗಲುತ್ತದೆ ಎಂದು ಇಟ್ಟುಕೊಳ್ಳಿ. ಇದು ಒಂದು ಪ್ರತಿ ತೆಗೆದರೂ ಅಷ್ಟೇ, ಲಕ್ಷ ಪ್ರತಿ ತೆಗೆದರೂ ಅಷ್ಟೇ. 1000 ಲೇಬಲ್ ಬೇಕಾದವನಿಗೆ ಈ ಖರ್ಚೇ ಒಂದಕ್ಕೆ 2 ರೂಪಾಯಿ ಬಿತ್ತು. 1,00,000 ಬೇಕಾದವನಿಗೆ ಕೇವಲ 2 ಪೈಸೆ. ಸಣ್ಣವನು ದೊಡ್ಡವನೆದುರು ನಿಲ್ಲುವುದು ಹೇಗೆ?

ಸಗಟು ಮುದ್ರಕ ಇದಕ್ಕೊಂದು ಉಪಾಯ ಮಾಡುತ್ತಾನೆ. ಬೇರೆ ಬೇರೆ ಊರುಗಳ ಎಂಟು ಅಂಗಡಿಯವರು ಕಳಿಸಿದ ಎಂಟು ಸಣ್ಣ ಲೇಬಲ್ಲುಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ ಒಟ್ಟಿಗೆ ಅಚ್ಚು ಹಾಕಿ, ಆಮೇಲೆ ಕತ್ತರಿಸಿ ಅವರವರಿಗೆ ಕಳಿಸುತ್ತಾನೆ. 2000 ರೂಪಾಯಿ ಎಂಟು ಪಾಲಾಗಿ ಒಬ್ಬನಿಗೆ 250 ಆಯಿತು. ಇದು ಒಬ್ಬ ಊರಿನ ಅಂಗಡಿಯವನಿಂದ ಆಗುವ ಕೆಲಸವಲ್ಲ. ಅವನ ಬಳಿ ಒಂದೇ ವಾರದಲ್ಲಿ ಒಂದೇ ಬಗೆಯ ಕಾಗದಕ್ಕೆ ಎಂಟು ಗಿರಾಕಿಗಳು ಬರುವುದಿಲ್ಲ. ನೂರು ಊರುಗಳಿಂದ ಕೆಲಸ ಬರುವ ಕಡೆ ಮಾತ್ರ ಇದು ಸಾಧ್ಯ. ನಮ್ಮ ಸಂತೆಗೆ ನಾಲ್ಕು ಮನೆಯವರು ಸೇರಿ ಒಂದೇ ಗಾಡಿ ಹೂಡುತ್ತಿದ್ದರಲ್ಲ, ಅದೇ ನ್ಯಾಯ.

ಇನ್ನೊಂದು ಕಾರಣ ಅಂಟು. ಹಿಂದೆ ಮೈದಾಹಿಟ್ಟಿನ ಗೋಂದು ಕಾಸಿ ಚೀಟಿ ಅಂಟಿಸುತ್ತಿದ್ದೆವು. ಜಿರಲೆ ತಿನ್ನುತ್ತಿತ್ತು, ತೇವಕ್ಕೆ ಬಿಡುತ್ತಿತ್ತು. 1935ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಸ್ಟಾಂಟನ್ ಏವರಿ ಎಂಬ ಯುವಕ ತಾನೇ ಅಂಟಿಕೊಳ್ಳುವ ಲೇಬಲ್ಲನ್ನು ತಯಾರಿಸಿದ. ಮದುವೆಯಾಗಲಿದ್ದ ಹುಡುಗಿಯಿಂದ 100 ಡಾಲರ್ ಸಾಲ ಪಡೆದು ಆ ಕಸುಬನ್ನು ಆರಂಭಿಸಿದನಂತೆ! ಈ ಲೇಬಲ್ಲಿನಲ್ಲಿ ಮೂರು ಪದರಗಳಿವೆ: ಮೇಲೆ ಅಚ್ಚಾಗುವ ಕಾಗದ, ನಡುವೆ ಅಂಟು, ಕೆಳಗೆ ಸಿಲಿಕೋನ್ ಸವರಿದ ಜಾರುಕಾಗದ. ಅಚ್ಚಾದ ಮೇಲೆ ಉಕ್ಕಿನ ಡೈ ಮೇಲಿನ ಎರಡು ಪದರಗಳನ್ನು ಮಾತ್ರ ಕತ್ತರಿಸಿ, ಮೂರನೆಯದನ್ನು ಗಾಯವಾಗದಂತೆ ಬಿಡಬೇಕು. ಕೈ ಒಂದಿಷ್ಟು ಭಾರವಾದರೆ ಲೇಬಲ್ ಸುಲಿಯುವಾಗ ಹರಿಯುತ್ತದೆ, ಹಗುರವಾದರೆ ಸುಲಿಯುವುದೇ ಇಲ್ಲ. ಉದ್ದನೆಯ ಸುರುಳಿಯಲ್ಲಿ ಒಂದೇ ಓಟದಲ್ಲಿ ಅಚ್ಚು, ಕತ್ತರಿಕೆ, ಉಳಿದ ಜಾಲರಿಯ ಸುಲಿತ ಮೂರನ್ನೂ ಮಾಡುವ ಯಂತ್ರಗಳಿವೆ. ಫ್ಲೆಕ್ಸ್ ಬ್ಯಾನರಿನ ಅಗಲವಾದ ಯಂತ್ರದಲ್ಲಿ ಇದನ್ನು ಮಾಡಲು ಹೊರಡುವುದು ಗದ್ದೆಯ ನೇಗಿಲಿನಿಂದ ತುಳಸಿಕಟ್ಟೆಯ ಮಣ್ಣು ಕೆದಕಿದಂತೆ.

ಮೂರನೆಯ ಕಾರಣ ಕಾನೂನು. ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ಬೆಲೆ ಇರಬೇಕೆಂದು 1977ರ ಪೊಟ್ಟಣ ಸರಕುಗಳ ನಿಯಮಗಳು ಹೇಳಿದವು. ಅವುಗಳ ಸ್ಥಾನದಲ್ಲಿ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯೂ 2011ರ ನಿಯಮಗಳೂ ಬಂದವು. ಆಹಾರದ ಪದಾರ್ಥಕ್ಕೆ 2006ರ ಆಹಾರ ಸುರಕ್ಷತೆಯ ಕಾಯಿದೆ ಬೇರೆ. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳು ಹುಟ್ಟಿಕೊಂಡ ಮೇಲೆ ಮನೆಮನೆಗಳಲ್ಲಿ ಚಟ್ನಿಪುಡಿ, ರೊಟ್ಟಿ, ಶ್ಯಾವಿಗೆ ತಯಾರಾಗಿ ಮಾರಾಟಕ್ಕೆ ಬಂದವು. ಐನೂರು ಲೇಬಲ್ ಬೇಕಾದ ಆ ಹೆಣ್ಣುಮಕ್ಕಳು ಶಿವಕಾಶಿಗೆ ಹೋಗುವುದುಂಟೆ? ಅವರಿಗೆ ಗೊತ್ತಿರುವುದು ಬಸ್ ನಿಲ್ದಾಣದ ಬಳಿಯ ಬೋರ್ಡಿನ ಅಂಗಡಿ. ಯಾವ ಸಾಲು ಎಲ್ಲಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ಅವರಿಗೆ ತಿಳಿಸಿ ಹೇಳುವವನೂ ಅವನೇ.

ಆ ಅಂಗಡಿಗೂ ಈಗ ಲೇಬಲ್ ಬೇಕಾಗಿದೆ. ಕುಂಚದ ಕೆಲಸವನ್ನು ಮೊದಲು ರೇಡಿಯಂ ಕಟಿಂಗ್, ಆಮೇಲೆ ಫ್ಲೆಕ್ಸ್ ನುಂಗಿದವು. 2016ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ಕಿನ ಚೀಲಗಳ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರಲ್ಲಿ ಹೈಕೋರ್ಟಿನ ಆದೇಶದಂತೆ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸುಗಳನ್ನು ರಾಶಿರಾಶಿಯಾಗಿ ತೆಗೆದರು. ಸಾಲ ಮಾಡಿ ಯಂತ್ರ ತಂದವರಿಗೆ ಅದು ಸಂಕಟದ ಕಾಲ. ಯಂತ್ರವಿಲ್ಲದೆಯೂ ಮಾಡಬಹುದಾದ ಲೇಬಲ್ಲಿನ ಕೆಲಸ ನನ್ನ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ಆಗ ಕೈಹಿಡಿದು ನಡೆಸಿತು.

ಚೀಟಿಯ ಹಿಂಬದಿ

ಇತಿಹಾಸದ ಮೇಷ್ಟ್ರು ಚೀಟಿಯ ಮುಂಬದಿಯನ್ನಷ್ಟೇ ತೋರಿಸಿದರೆ ಸಾಲದು. ನಿಮ್ಮಲ್ಲಿ ಅನೇಕರು ಬೆಂಕಿಪೊಟ್ಟಣದ ಪಟಗಳನ್ನು ಕೂಡಿಸುತ್ತಿದ್ದಿರಿ. ಹುಲಿಗೆ ಎರಡು ನವಿಲು, ಹಡಗಿಗೆ ಮೂರು ಗುಲಾಬಿ ಎಂದು ಬೇಲಿಯ ಮರೆಯಲ್ಲಿ ವಿನಿಮಯ ನಡೆಸುತ್ತಿದ್ದಿರಿ. ಅದೇ ವಯಸ್ಸಿನ ಮಕ್ಕಳು ಆ ದಿನಗಳಲ್ಲಿ ಶಿವಕಾಶಿಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಪೊಟ್ಟಣ ಮಡಿಸಿ, ಕಡ್ಡಿ ತುಂಬಿ, ಅವೇ ಪಟಗಳನ್ನು ಅಂಟಿಸುತ್ತಿದ್ದರು. ಲೆಕ್ಕಕ್ಕೆ ಕೂಲಿ, ಹೆಚ್ಚು ಅಂಟಿಸಿದರೆ ಹೆಚ್ಚು ಕಾಸು. ಶಾಲೆಯ ಗಂಟೆ ಅವರಿಗೆ ಕೇಳುತ್ತಿರಲಿಲ್ಲ.

1986ರಲ್ಲಿ ಬಾಲಕಾರ್ಮಿಕ ಕಾಯಿದೆ ಬಂತು. ಶಿವಕಾಶಿಯ ಮಕ್ಕಳ ವಿಚಾರವನ್ನು ವಕೀಲ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿಗೆ ಒಯ್ದರು. 1996ರ ಡಿಸೆಂಬರ್ 10ರಂದು ನ್ಯಾಯಾಲಯ ತೀರ್ಪಿತ್ತು, ಅಪಾಯದ ಕೆಲಸಕ್ಕೆ ಮಗುವನ್ನು ಹಚ್ಚಿದ ಮಾಲೀಕ ಪ್ರತಿ ಮಗುವಿನ ಲೆಕ್ಕದಲ್ಲಿ 20,000 ರೂಪಾಯಿಯನ್ನು ಕಲ್ಯಾಣನಿಧಿಗೆ ಕಟ್ಟಬೇಕೆಂದು ವಿಧಿಸಿತು. ಆ ತೀರ್ಪಿನ ಸುದ್ದಿಯನ್ನು ನಾನು ಪತ್ರಿಕೆಯಿಂದ ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಿದ್ದೆ. ಪಟ ಕೂಡಿಸುತ್ತಿದ್ದ ಹುಡುಗನೊಬ್ಬ ಅದನ್ನು ಓದಿ, "ಸಾರ್, ಅವರೂ ಏಳನೇ ಕ್ಲಾಸಾ?" ಎಂದು ಕೇಳಿದ. ಆ ವರ್ಷದ ಪಾಠಗಳಲ್ಲಿ ಆ ಮಕ್ಕಳಿಗೆ ಮರೆಯದೆ ಉಳಿದದ್ದು ಬಹುಶಃ ಅದೊಂದೇ. ಕಾಯಿದೆಯ ಭಯವೂ ಶಾಲೆಗಳ ವಿಸ್ತಾರವೂ ಯಂತ್ರಗಳ ಆಗಮನವೂ ಸೇರಿ ಅಲ್ಲಿನ ಸ್ಥಿತಿಯನ್ನು ಬಹಳವಾಗಿ ಬದಲಿಸಿವೆ. ಆದರೂ ಅಗ್ಗದ ಸರಕನ್ನು ಕೈಗೆತ್ತಿಕೊಂಡಾಗ ಇದು ಯಾರ ಕೈಯಿಂದ ಅಗ್ಗವಾಯಿತು ಎಂದು ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದು.

ದಲ್ಲಾಳಿಯೋ ಕಸುಬುದಾರನೋ

ಇಷ್ಟು ದೂರ ಬಂದ ಮೇಲೆ ಆ ವಿದ್ಯಾರ್ಥಿಯ ಪ್ರಶ್ನೆಗೆ ನನ್ನ ಉತ್ತರವನ್ನು ಹೇಳಬಹುದು. ತಾನು ಅಚ್ಚು ಹಾಕದ ಚೀಟಿಯನ್ನು ಮಾರುವುದು ಅವಮಾನದ ಸಂಗತಿಯಲ್ಲ. ಲೇಬಲ್ಲಿನ ಇತಿಹಾಸದ ತುಂಬ ಇರುವುದು ಅದೇ ಪದ್ಧತಿ. ಬಡಗಿ ಗರಗಸವನ್ನು ತಾನೇ ಎರಕ ಹೊಯ್ಯುವುದಿಲ್ಲ. ದರ್ಜಿ ಬಟ್ಟೆಯನ್ನು ನೇಯುವುದಿಲ್ಲ. ಪ್ರಶ್ನೆ ಇರುವುದು ಬೇರೆ ಕಡೆ. ಅಚ್ಚಾಗುವ ಮುನ್ನ ಆ ಅಕ್ಷರಗಳನ್ನು ಓದಿದವರು ಯಾರು? ತಪ್ಪಾದಾಗ ಗಿರಾಕಿಯ ಎದುರಿಗೆ ನಿಂತವರು ಯಾರು? ತಾಯಿಯೊಬ್ಬಳ ಬಳೆಯ ಹಣವನ್ನು ತನ್ನ ಹಣವೆಂದೇ ಎಣಿಸಿದವರು ಯಾರು? ಬರಿಯ ದಲ್ಲಾಳಿಗೆ ಈ ಪ್ರಶ್ನೆಗಳಿಲ್ಲ, ಅವನಿಗಿರುವುದು ಕಮಿಷನ್ನು ಮಾತ್ರ. ಕುಂಚ ಹಿಡಿದು ಕುಳಿತು ಐದು ಸಾವಿರ ಸಲ 'ಮ' ಬರೆದವನನ್ನು ದಲ್ಲಾಳಿ ಎನ್ನಲು ನನ್ನ ನಾಲಗೆ ಏಳದು.

ನಷ್ಟವೇ ಆಗಿಲ್ಲವೆಂದು ನಾನು ಹೇಳುವುದಿಲ್ಲ. ಹಿಂದೆ ಒಂದೊಂದು ಊರಿನ ಬೋರ್ಡಿಗೂ ಒಂದೊಂದು ಕೈಬರಹವಿತ್ತು. 'ಶ್ರೀ'ಯ ಕೊಂಡಿಯನ್ನು ನೋಡಿ ಇದು ಇಂಥವರ ಕೈ ಎಂದು ಗುರುತಿಸುತ್ತಿದ್ದೆವು. ಈಗ ಬೀದರಿನ ಬೋರ್ಡಿಗೂ ಚಾಮರಾಜನಗರದ ಬೋರ್ಡಿಗೂ ಕಂಪ್ಯೂಟರಿನ ಅದೇ ನಾಲ್ಕಾರು ಅಕ್ಷರವಿನ್ಯಾಸಗಳು. ಸಗಟು ಮುದ್ರಕರ ಬಳಿ ಸಿದ್ಧವಾಗಿರುವ ಮಾವಿನಕಾಯಿಯ ಚಿತ್ರವೇ ಎಲ್ಲರ ಉಪ್ಪಿನಕಾಯಿಯ ಮೇಲೂ ಕೂರುತ್ತದೆ. ಆ ಚಿತ್ರವನ್ನು ನೋಡಿ ಇದು ಯಾರ ಮನೆಯ ರುಚಿ ಎಂದು ಹೇಳಲಾಗದು. ಈ ಕಸುಬಿನಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ನನ್ನದೊಂದೇ ಮಾತು: ಅಚ್ಚು ಎಲ್ಲಿಯಾದರೂ ಆಗಲಿ, ಅಕ್ಷರ ಮಾತ್ರ ನಿಮ್ಮದಾಗಿರಲಿ. ಗಿರಾಕಿಯ ಹೆಸರನ್ನಾದರೂ ನಿಮ್ಮ ಕೈಯಲ್ಲೇ ಬರೆದು, ಅದನ್ನು ಸ್ಕ್ಯಾನ್ ಮಾಡಿ ಕಳಿಸಿ. ಯಂತ್ರ ಅದನ್ನೂ ಅಷ್ಟೇ ಸುಲಭವಾಗಿ ಅಚ್ಚು ಹಾಕುತ್ತದೆ, ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ.

ಉಳಿದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲಿನ ಹಳೆಯ ಟ್ರಂಕಿನಲ್ಲಿ, ಅಜ್ಜನ ಲೆಕ್ಕದ ಪುಸ್ತಕದ ನಡುವೆ, ಖಾಲಿ ಡಬ್ಬಿಗಳ ಮೈಮೇಲೆ ಇಂಥ ಹಳೆಯ ಚೀಟಿಗಳು ಇದ್ದೇ ಇರುತ್ತವೆ. ಅವನ್ನು ಎಸೆಯಬೇಡಿ. ಡಬ್ಬಿಯ ಮೇಲಿನ ಚೀಟಿಯನ್ನು ಕೀಳಲು ಹೋಗಬೇಡಿ, ಹರಿಯುತ್ತದೆ. ಡಬ್ಬಿಯ ಸಮೇತ ಇಟ್ಟುಕೊಳ್ಳಿ. ಚೀಟಿಯ ಕೆಳಗಿನ ಅಂಚಿನಲ್ಲಿ ಇರುವೆಯ ಸಾಲಿನಂಥ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ ಊರಿನ ಹೆಸರು ಇರುವುದುಂಟು. ಭೂತಗನ್ನಡಿ ಹಿಡಿದು ಅದನ್ನು ಓದಿ, ಮೊಮ್ಮಕ್ಕಳಿಗೂ ಓದಿಸಿ. ನಮ್ಮ ಅಡುಗೆಮನೆಗೆ ಯಾವ ಯಾವ ಊರಿನ ಶ್ರಮ ಬಂದು ಸೇರಿತ್ತೆಂಬುದು ಅವರಿಗೂ ತಿಳಿಯಲಿ.